ನೀವು ಕೇಳದಿದ್ದ ವ್ರತ

ಪ್ರೀತಿಯ ಅಕ್ಕೋರೇ,

ಕಳೆದ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ದಿನಗಳಲ್ಲಿ, ನಮ್ಮೂರು ನಿಮಗೆ ಒಂದು ಅನ್ಯಾಯ ಮಾಡಿತು. ಲಕ್ವಾ ಹೊಡೆದು ಗಂಟಲಲ್ಲಿ ನೀರು ಇಳಿಯದೆ, ನಾಲಗೆ ಹೊರಳದೆ ಮಲಗಿದ್ದ ನೀವು ಸಲ್ಲೇಖನ ವ್ರತ ಹಿಡಿದಿದ್ದೀರಿ ಎಂದು ಜನ ತಾವೇ ತೀರ್ಮಾನಿಸಿದರು. ಅನ್ನನೀರು ಬಿಟ್ಟು, ತಿಳಿದೇ ದೇಹ ಬಿಡುವ ಆ ವ್ರತಕ್ಕೆ ಭಂಗ ಬರಬಾರದೆಂದು ನಿಮ್ಮನ್ನು ದವಾಖಾನೆಗೆ ಒಯ್ಯಲಿಲ್ಲ. ಮಂಚದ ಸುತ್ತ ಕುಳಿತು ಭಜನೆ ಮಾಡಿದರು. ಪಾದ ಮುಟ್ಟಿ ನಮಸ್ಕರಿಸಿದರು. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ತರ್ಕಶಾಸ್ತ್ರ ಕಲಿಸುತ್ತಲೇ ಮುಪ್ಪಾದ ಹೆಣ್ಣುಮಗಳ ಸುತ್ತ ಆಕೆಯೇ ಕಲಿಸಿದ ಮಂದಿ ಕುಳಿತು, ಮೊದಲ ಪಾಠದಲ್ಲೇ ತಪ್ಪಿದರು. ಇದನ್ನು ನಿಮಗಲ್ಲದೆ ಇನ್ನಾರಿಗೆ ಬರೆಯಲಿ?

ಆ ಮೊದಲ ಪಾಠ ನಿನ್ನೆ ಮೊನ್ನೆಯದೆಂಬಂತೆ ಕಣ್ಣ ಮುಂದಿದೆ. ಕಾಗವಾಡದ ಕಾಲೇಜು, ತಗಡಿನ ಛಾವಣಿಯ ಕೋಣೆ, ಪಿಯುಸಿ ಮೊದಲ ವರ್ಷದ ಕಲಾ ವಿಭಾಗ. ನೀವು ಕನ್ನಡ ಶಾಲೆಯಲ್ಲಿ ಕಲಿಸಿ ಆಮೇಲೆ ಕಾಲೇಜಿಗೆ ಬಂದವರು. ಹಾಗಾಗಿ ಉಳಿದವರೆಲ್ಲ ಮೇಡಂ ಆಗಿದ್ದರೂ ನೀವೊಬ್ಬರು ನಮಗೆ ಅಕ್ಕೋರಾಗಿಯೇ ಉಳಿದಿರಿ. ಪುಸ್ತಕದಲ್ಲಿ ‘ನಿಗಮನ’, ‘ಅನುಗಮನ’ ಎಂದು ದಪ್ಪ ಅಕ್ಷರಗಳಿದ್ದವು. ನಾವು ಬಾಯಿ ತೆರೆದು ಕುಳಿತಿದ್ದೆವು. ನೀವು ಪುಸ್ತಕ ಮುಚ್ಚಿ ಚೀಲದಿಂದ ಒಂದು ಡಬ್ಬಿ ತೆಗೆದಿರಿ. ನಿಮ್ಮ ತೋಟದ ಶೆಡ್ಡಿನಲ್ಲಿ ಒಣಗಿಸಿದ ದ್ರಾಕ್ಷಿ.

“ಈ ಡಬ್ಬ್ಯಾಗಿನ ದ್ರಾಕ್ಷಿ ಎಲ್ಲಾ ನಮ್ಮ ತೋಟದ್ದು. ನನ್ನ ಕೈಯಾಗಿಂದು ಈ ಡಬ್ಬ್ಯಾಗಿಂದು. ಹಂಗಾದ್ರ ಇದು ಎಲ್ಲೀದು?”

“ನಿಮ್ಮ ತೋಟದ್ದರಿ.”

“ಖಾತ್ರಿ?”

“ಖಾತ್ರಿ ರಿ.”

“ಮೊದಲಿನ ಎರಡು ಮಾತು ಖರೇ ಇದ್ರ ಮೂರನೇದು ಸುಳ್ಳ ಆಗಾಕ ದಾರೀನ ಇಲ್ಲ. ಇದಕ್ಕ ನಿಗಮನ ಅಂತಾರ. ಇನ್ನ ತಿನ್ರಿ.”

ಡಬ್ಬಿ ಬೆಂಚಿನಿಂದ ಬೆಂಚಿಗೆ ಹೋಯಿತು. ಎಲ್ಲರದೂ ಸಿಹಿ. ಹಾಗಾದರೆ ಡಬ್ಬಿಯೆಲ್ಲ ಸಿಹಿಯೇ ಎಂದು ಕೇಳಿದಿರಿ. ಹೌದೆಂದೆವು. ಕೊನೆಯ ಬೆಂಚಿನಲ್ಲಿದ್ದ ನನಗೆ ತಳದಲ್ಲಿ ಉಳಿದದ್ದು ಸಿಕ್ಕಿತು. ಬಾಯಿಗೆ ಹಾಕಿಕೊಂಡೆ. ಅದೊಂದನ್ನು ನೀವು ಬೇವಿನ ರಸದಲ್ಲಿ ನೆನೆಸಿಟ್ಟಿದ್ದಿರಿ. ನನ್ನ ಮುಖ ನೋಡಿ ಇಡೀ ತರಗತಿ ನಕ್ಕಿತು. “ಸುನಂದಾ, ಉಗಳಬ್ಯಾಡ, ಹೊರಗ ಹೋಗಿ ಉಗಳ” ಎಂದಿರಿ. ನಾನು ಬಾಯಿ ತೊಳೆದು ಒಳಗೆ ಬಂದಾಗ ನೀವು ಹೇಳುತ್ತಿದ್ದ ಮಾತು ಇವತ್ತಿಗೂ ಕಿವಿಯಲ್ಲಿದೆ. “ಇಷ್ಟು ತಿಂದ್ವಿ, ಇಷ್ಟೂ ಸೀ ಇದ್ದು, ಅದಕ್ಕ ಎಲ್ಲಾ ಸೀ ಅಂದ್ರಿ. ಇದು ಅನುಗಮನ. ಇದರಾಗ ಸಿಗೂದು ಬಹುತೇಕ, ಖಾತ್ರಿ ಅಲ್ಲ. ಬಹುತೇಕ ಅನ್ನೂದು ತಪ್ಪಲ್ಲ ಮತ್ತ. ಅದಿಲ್ಲದ ಬಿತ್ತಾಕೂ ಆಗಂಗಿಲ್ಲ, ಬಸ್ಸಿಗೆ ಕಾಯಾಕೂ ಆಗಂಗಿಲ್ಲ. ಆದ್ರ ಬಹುತೇಕಕ್ಕ ಖಾತ್ರಿಯ ಅಂಗಿ ತೊಡಸಬ್ಯಾಡ್ರಿ. ತಳದಾಗ ಒಂದು ಉಳದಿರತೈತಿ.”

ಅಪ್ಪಾಸಾಬನ ಎಮ್ಮೆಯೂ ನಿಮಗೆ ನೆನಪಿರಬೇಕು. ನನ್ನ ಪಕ್ಕದ ಸಾಲಿನ ಹುಡುಗ, ಮುಂಜಾನೆ ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ, ಸೈಕಲ್ ತುಳಿದುಕೊಂಡು ಬರುತ್ತಿದ್ದವ. ಅನುಗಮನಕ್ಕೆ ಒಂದು ಉದಾಹರಣೆ ಕೊಡಿ ಎಂದಾಗ ಎಲ್ಲರಿಗಿಂತ ಮೊದಲು ಎದ್ದ. “ನಮ್ಮ ಎಮ್ಮಿ ಇವತ್ತಿನತನಕ ಯಾರಿಗೂ ಒದ್ದಿಲ್ರಿ. ಅದಕ್ಕ ನಾಳೆನೂ ಒದಿಯಂಗಿಲ್ಲ.” ನೀವು ನಗದೆ ಕೇಳಿದಿರಿ, “ಇದನ್ನ ಎಮ್ಮಿಗೆ ಹೇಳೀಯೇನೋ?” ಮುಂದೆ ಕೆಲವು ದಿನಕ್ಕೆ ಅವನು ಕುಂಟುತ್ತ ಬಂದ. “ಎಮ್ಮಿ ತರ್ಕಶಾಸ್ತ್ರ ಓದಿಲ್ರಿ ಅಕ್ಕೋರ” ಎಂದ. ನೀವು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಿರಿ. ಆಮೇಲೆ ಮೆಲ್ಲಗೆ, ಯಾಕೆ ಒದೆಯಿತು, ನೋಡಿದೆಯಾ ಎಂದು ಕೇಳಿದಿರಿ. ಕೆಚ್ಚಲಿಗೆ ಮುಳ್ಳು ಗೀರಿ ಗಾಯವಾಗಿತ್ತಂತೆ. ಅವನು ನೋಡದೆ ದಿನದಂತೆ ಕೈಹಾಕಿದ್ದ. “ಇವತ್ತು ದಿನದಂಗಿಲ್ಲ ಅನ್ನೂದು ಅದರ ಮೈಮ್ಯಾಲ ಇತ್ತಲ್ಲೋ ಅಪ್ಪಾ. ನೀ ನಿನ್ನೀ ಎಮ್ಮೀನ್ನ ನೋಡಿದಿ. ಇವತ್ತಿನ ಎಮ್ಮೀನ್ನ ನೋಡಲಿಲ್ಲ.”

ಆ ಅಪ್ಪಾಸಾಬ ಈಗ ನಮ್ಮೂರ ಬಸದಿ ಕಮಿಟಿಯ ಅಧ್ಯಕ್ಷ. ನಿಮ್ಮ ಬಗ್ಗೆ ಮೊದಲು ಆ ತೀರ್ಮಾನ ಮಾಡಿದವನೂ ಅವನೇ.

ನನ್ನ ಅಜ್ಜಿ, ನಮ್ಮ ಆಯಿ, ವ್ರತ ತೆಗೆದುಕೊಂಡ ದಿನ ನೀವೂ ನಮ್ಮ ಪಡಸಾಲೆಯಲ್ಲಿದ್ದಿರಿ. ಹೀಗಾಗಿ ನಾನು ವ್ರತವನ್ನೇ ಹೀಯಾಳಿಸುತ್ತಿದ್ದೇನೆ ಎಂದು ಊರವರು ಎಂದರೂ ನೀವು ಅನ್ನಲಾರಿರಿ. ಆಯಿಗೆ ವಯಸ್ಸಾಗಿತ್ತು, ಕಿವಿ ಮಂದ. ಮುನಿ ಮಹಾರಾಜರು ಎದುರು ಕುಳಿತು ತಿರುಗಿ ತಿರುಗಿ ಕೇಳಿದರು. “ಯಾರರೆ ಹೇಳಿಕೊಟ್ಟಾರೇನು ತಾಯಿ? ಮನಿ ಮಂದಿ ಮ್ಯಾಲಿನ ಸಿಟ್ಟೇನು? ಬ್ಯಾಡ ಅನಸಿದರ ಈಗ ಹೇಳ್ರಿ.” ಕಿವುಡರು ಮಾತಾಡುವ ಹಾಗೆ ಆಯಿ ಗಟ್ಟಿಯಾಗಿ ಹೇಳಿದಳು, “ಯಾರೂ ಹೇಳಿಲ್ರಿ. ನಾನ ಬೇಡಾಕತ್ತೀನಿ.” ಓಣಿಯಲ್ಲಿ ನಿಂತವರಿಗೂ ಕೇಳಿಸಿತು. ಹೊರಗೆ ಬಂದ ಮೇಲೆ ನೀವು ನನ್ನ ಹೆಗಲ ಮೇಲೆ ಕೈಯಿಟ್ಟು, “ನಿಮ್ಮ ಆಯಿ ಎಲ್ಲಾರಿಗೂ ಖಾತ್ರಿ ಮಾಡಿ ಹೊಂಟಳು ನೋಡ” ಎಂದಿರಿ. ಆ ಮಾತಿನಲ್ಲಿ ಎಷ್ಟು ಗೌರವವಿತ್ತು. ಅಂಥ ವ್ರತವನ್ನು ಬಾಯಿ ಬಿದ್ದವರ ತಲೆಗೆ ಕಟ್ಟಿದರೆ ಗೌರವ ಉಳಿಯುವುದು ವ್ರತಕ್ಕೋ, ಕಟ್ಟಿದವರಿಗೋ?

ಫೋನ್ ಬಂದಾಗ ನಾನು ಇಚಲಕರಂಜಿಯಲ್ಲಿ ಮಗಳ ಬಾಣಂತನದಲ್ಲಿದ್ದೆ. ಪದ್ಮಾ ಮಾಡಿದ್ದಳು, ನಿಮ್ಮ ತಮ್ಮನ ಸೊಸೆ, ನಿಮ್ಮನ್ನು ಇಷ್ಟು ವರ್ಷ ನೋಡಿಕೊಂಡವಳು. “ಅತ್ತಿ ಉಣ್ಣೂದ ಬಿಟ್ಟಾರ್ರಿ. ಮೊದಲ ಪರ್ವದ ಉಪವಾಸ ಅಂತ ತಿಳದಿದ್ದಿವಿ. ಈಗ ಸಲ್ಲೇಖನ ಹಿಡದಾರ ಅಂತ ಎಲ್ಲಾರೂ ಅನ್ನಾಕತ್ತಾರ.” ಅವರ ಕೈಗೇ ಫೋನ್ ಕೊಡು ಎಂದೆ. “ಮಾತಾಡಂಗಿಲ್ರಿ, ಮೌನ ಹಿಡದಾರ.” ಮೌನ? ನೀವು? ಪರ್ವದ ದಿನಗಳಲ್ಲಿ ನೀವು ಪ್ರತಿವರ್ಷ ಒಪ್ಪತ್ತು ಉಂಡಿದ್ದೀರಿ, ಅನಂತ ಚತುರ್ದಶಿಗೆ ನಿರಾಹಾರ ಇದ್ದಿದ್ದೀರಿ, ಆದರೆ ಬಾಯಿ ಮುಚ್ಚಿ ಕುಳಿತದ್ದನ್ನು ನಾನು ಕಂಡಿಲ್ಲ. ಕಂಡಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದಲ್ಲ, ಗೊತ್ತು, ಅದೂ ಬಹುತೇಕದ ಮಾತೇ. ಆದರೆ ಬಹುತೇಕ ಅನ್ನಿಸಿದಾಗ ಮಾಡಬೇಕಾದದ್ದು ಏನು? ಎದ್ದು ಹೋಗಿ ನೋಡುವುದು. ನಾನು ಸೀರೆ ಸಹ ಬದಲಿಸದೆ ಬಸ್ಸು ಹತ್ತಿದೆ.

ನಿಮ್ಮ ಮನೆಯ ಹೊಸ್ತಿಲ ಮುಂದೆ ಅಷ್ಟು ಚಪ್ಪಲಿಗಳನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ. ಸುತ್ತಲಿನ ಉಗಾರ, ಅನಂತಪುರ ಎಂದು ಎಲ್ಲೆಲ್ಲಿಂದಲೋ ಜನ ದರ್ಶನಕ್ಕೆ ಬಂದಿದ್ದರು. ಹೌದು, ದರ್ಶನಕ್ಕೆ. ಬಾಗಿಲಿಗೆ ನಿಮ್ಮ ಫೋಟೋದ ಫ್ಲೆಕ್ಸ್ ಕಟ್ಟಿಯಾಗಿತ್ತು. ಒಳಗೆ ನೀವು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಿರಿ. ನಾನು ಮುಖ ತಿರುಗಿಸಿ ನೋಡಿದೆ. ತುಟಿಯ ಎಡ ಮೂಲೆ ಕೆಳಗೆ ಜಾರಿತ್ತು, ಅಲ್ಲಿಂದ ಜೊಲ್ಲು ಇಳಿದು ದಿಂಬು ಒದ್ದೆಯಾಗಿತ್ತು. “ಬಾಯಿ ಯಾಕ ಹಿಂಗ ಆಗೇತಿ ಪದ್ಮಾ?” ಎಂದೆ. “ಹಲ್ಲಿನ ಸೆಟ್ ತಗದಾರಲ್ರಿ, ಅದಕ್ಕ.” ಎಡಗೈ ಎತ್ತಿದೆ. ಬಿಟ್ಟ ಕೂಡಲೇ ಧೊಪ್ಪನೆ ಬಿತ್ತು. “ಅಕ್ಕೋರೇ, ನಾನರಿ, ಸುನಂದಾ. ವ್ರತ ತಗೊಂಡೀರೇನ್ರಿ? ಹೌದಂದ್ರ ಕಣ್ಣ ಮುಚ್ಚಿ ತಗೀರಿ.” ನಿಮ್ಮ ಕಣ್ಣು ಅರೆತೆರೆದಿತ್ತು, ಆದರೆ ನೋಟ ಎಲ್ಲಿಯೂ ನಿಂತಿರಲಿಲ್ಲ. ಆ ಹೊತ್ತಿಗೆ ನೀವು ನನ್ನ ಮಾತು ಮುಟ್ಟದಷ್ಟು ದೂರ…

ಅಷ್ಟೇ, ಅಕ್ಕೋರೇ. ನನ್ನ ಪ್ರಶ್ನೆ ತಡವಾಯಿತು. ಹಿಂದಿನ ದಿನಗಳಲ್ಲಿ ನಿಮಗೆ ಎಚ್ಚರವಿತ್ತು. ಬಂದವರನ್ನು ಗುರುತಿಸುತ್ತಿದ್ದಿರಂತೆ, ಕಣ್ಣು ಅವರ ಹಿಂದೆ ಬಾಗಿಲತನಕ ಹೋಗುತ್ತಿತ್ತಂತೆ. ಇದನ್ನು ಪದ್ಮಾ ಹೇಳುತ್ತಿದ್ದರೆ ನನಗೆ ಕೇಳಿಸಿಕೊಳ್ಳಲಾಗಲಿಲ್ಲ. ಕಣ್ಣು ಮಿಟುಕಿಸಿ ಉತ್ತರ ಹೇಳಬಲ್ಲವರ ಮುಂದೆ ಅಷ್ಟು ಜನ ಕೈಮುಗಿದು ಕುಳಿತು, ಒಬ್ಬರಿಗೂ ಪ್ರಶ್ನೆ ಹುಟ್ಟಲಿಲ್ಲವೇ?

ನಿಮ್ಮನ್ನು ಕಾರಿನಲ್ಲಿ ಮಲಗಿಸಿಕೊಂಡು ಮಿರಜದ ದವಾಖಾನೆಗೆ ಹೊರಡುವಾಗ ಅಪ್ಪಾಸಾಬ ಅಡ್ಡ ನಿಂತ. “ಪಾಪ ತಗೋಬ್ಯಾಡ ಸುನಂದಾ. ಇಷ್ಟು ದಿನದ ತಪಸ್ಸು ಮಣ್ಣಪಾಲಾಕ್ಕತಿ.” ನಾನು ಅವನನ್ನು ದೂಡಿದೆ. ದವಾಖಾನೆಯಲ್ಲಿ ಡಾಕ್ಟರು ನೋಡಿ, ಇದು ಲಕ್ವಾ, ನುಂಗುವ ಶಕ್ತಿ ಹೋಗಿದೆ, ಕುಡಿಸಿದ ನೀರು ಶ್ವಾಸನಾಳಕ್ಕೆ ಇಳಿದು ಎದೆ ಕಟ್ಟಿದೆ ಎಂದರು. ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬಹುದಿತ್ತಂತೆ. “ಬಹಳ ತಡಾ ಮಾಡಿದ್ರಿ” ಎಂದರು. ಪದ್ಮಾ ಗೋಡೆಗೆ ಒರಗಿ ನಿಂತಿದ್ದಳು. “ನೀರ ಕೊಟ್ರ ಕೆಮ್ಮತಿದ್ರರಿ, ಆಮ್ಯಾಲ ಕೈಲೆ ಸರಸತಿದ್ರು. ನಾ ಒಲ್ಲೆ ಅನ್ನಾಕತ್ತಾರ ಅಂತ ತಿಳಕೊಂಡೆ…” ಎಂದಳು. ಮರುದಿನ ಮುಂಜಾನೆ ನೀವು ಹೋದಿರಿ. ಬೇಗ ತಂದಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರರನ್ನು ಕೇಳಿದೆ. ಬಹುತೇಕ, ಎಂದರು. ಖಾತ್ರಿ ಕೊಡಲಿಲ್ಲ. ಸುಳ್ಳು ಹೇಳದ ಮನುಷ್ಯ. ಆ ಒಂದು ಮಾತಿನೊಂದಿಗೆ ನಾನು ಈಗ ಬದುಕಬೇಕು.

ನಿಮ್ಮ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅಪ್ಪಾಸಾಬನೂ ಇದ್ದ. ಹುಡುಗನ ಹಾಗೆ ಅತ್ತ. ಅವನ ಅಳು ಸುಳ್ಳೆಂದು ನಾನು ಹೇಳಲಾರೆ, ಹಾಗೆ ಹೇಳಲು ನನ್ನ ಬಳಿ ಆಧಾರವಿಲ್ಲ. ಕೆಲವು ದಿನ ಕಳೆದು ಅವನ ಮನೆಗೆ ಹೋದೆ. ಚಹಾ ತರಿಸಿ ಕೂಡಿಸಿದ.

“ಅಕ್ಕೋರಿಗೆ ಎಂಥಾ ಮರ್ಯಾದಿ ಸಿಕ್ಕೇತಿ ನೋಡ ಸುನಂದಾ. ನಾಕ ಊರಿನ ಮಂದಿ ಬಂದಿತ್ತು. ಅದನ್ಯಾಕ ಕೆಡಸ್ತಿ?”

“ವ್ರತ ಬೇಕಂತ ಅವರು ಅಂದಿದ್ರೇನೋ?”

“ಅನ್ನೂದೇನೈತಿ ಬೇ? ನಮ್ಮ ಓಣ್ಯಾಗ ಹಿರೇರು ಉಣ್ಣೂದ ಬಿಟ್ರ ಅದು ಸಲ್ಲೇಖನಾನ ಅಲ್ಲೇನು? ನಮ್ಮಪ್ಪ ಬಿಟ್ಟ, ನಿಮ್ಮ ಆಯಿ ಬಿಟ್ಟಳು. ಎಲ್ಲಾರದೂ ವ್ರತಾನ ಇತ್ತಲ್ಲ?”

“ನಿಮ್ಮ ಎಮ್ಮಿ ನೆನಪೈತೇನೋ?”

ಅವನು ಚಹಾದ ಬಸಿ ಕೆಳಗಿಟ್ಟ. ಆಮೇಲೆ, “ಎಮ್ಮಿ ಮಾತ ಈಗ್ಯಾಕ ತಗೀತಿ” ಎಂದು ಎದ್ದು ಒಳಗೆ ಹೋದ. ಅವನಿಗೆ ಅರ್ಥವಾಗಿತ್ತು. ಅರ್ಥವಾದದ್ದನ್ನು ಊರ ಮುಂದೆ ಒಪ್ಪುವುದು ಬೇರೆ ಮಾತು.

ಮುನಿ ಮಹಾರಾಜರು ಆ ವರ್ಷ ಚಾತುರ್ಮಾಸಕ್ಕೆ ರಾಯಬಾಗದ ಕಡೆಯ ಒಂದು ಊರಿನಲ್ಲಿದ್ದರು. ಪದ್ಮಾಳನ್ನು ಕರೆದುಕೊಂಡು ಅಲ್ಲಿಗೂ ಹೋದೆ. ನೀವು ವ್ರತ ಬೇಡಿದ್ದಿರೇ ಎಂದು ಅಂಜುತ್ತಲೇ ಕೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು ಹೇಳಿದರು. “ನನ್ನ ಮುಂದ ಯಾರೂ ಬಂದಿಲ್ಲ. ಆ ತಾಯಿ ಹೇಳಿ ಕಳಿಸಿಲ್ಲ. ಬೇಡಿದವರಿಗೆ ಕೊಡೋದು ವ್ರತ. ಬೇಡದವರದು ಬರೀ ಹಸಿವು.” ಪದ್ಮಾ ಅಲ್ಲಿಯೇ ನೆಲಕ್ಕೆ ಹಣೆಹಚ್ಚಿ ಅತ್ತಳು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಿಟ್ಟು ನಾನು ನಿಮ್ಮ ಪಾಠದ ಮೂರು ಸಾಲು ಮನಸ್ಸಿನಲ್ಲೇ ಜೋಡಿಸಿದೆ. ತಾನಾಗಿ ಬೇಡದೆ ಯಾರಿಗೂ ವ್ರತವಿಲ್ಲ. ಅಕ್ಕೋರು ಬೇಡಲಿಲ್ಲ. ಆದ್ದರಿಂದ ಅಕ್ಕೋರದು ವ್ರತವಲ್ಲ. ಮೊದಲನೆಯದು ಮಹಾರಾಜರ ಮಾತು. ಎರಡನೆಯದು? ನೀವು ಬೇಡಿದ್ದನ್ನು ಯಾರೂ ಕಂಡಿಲ್ಲ ಎಂಬುದಷ್ಟೇ ನನಗೆ ಗೊತ್ತು. ಯಾರೂ ಕಂಡಿಲ್ಲ ಎಂಬುದು, ಬೇಡಲಿಲ್ಲ ಎಂಬುದಕ್ಕೆ ಸಮವೇ? ನನ್ನ ಸಿಟ್ಟು ಹೌದು ಅನ್ನುತ್ತದೆ. ಆದರೆ ನೀವು ಕೆಂಪು ಪೆನ್ನು ಹಿಡಿದು ಆ ಸಾಲಿನ ಕೆಳಗೆ ಗೆರೆ ಎಳೆಯುವುದು ಕಾಣುತ್ತದೆ. ಈ ಸಾಲು ಖಾತ್ರಿಯಾಗಬೇಕಾದರೆ, ನಮ್ಮ ಮುಂದೆ ಬೇಡಲಿಲ್ಲ ಎಂದು ಊರಿನ ಎಲ್ಲರೂ ಬಾಯಿಬಿಟ್ಟು ಹೇಳಬೇಕು. ಅದಕ್ಕೇ ಸಭೆಗೆ ಹೋದೆ.

ಸಭೆ ನಡೆದದ್ದು ಈ ಬೇಸಿಗೆಯಲ್ಲಿ, ಬಸದಿಯ ಸಭಾಭವನದಲ್ಲಿ. ಬರುವ ಭಾದ್ರಪದಕ್ಕೆ ನಿಮ್ಮ ಹೆಸರಿನ ಕಲ್ಲು ಗೋಡೆಗೆ ಕೂಡಿಸಬೇಕೆಂದು ಕಮಿಟಿ ಠರಾವು ಮಾಡಿತ್ತು. ‘ಸ್ವ-ಇಚ್ಛೆಯಿಂದ ಸಲ್ಲೇಖನ ಸ್ವೀಕರಿಸಿದ’ ಎಂದು ಆರಂಭವಾಗುವ ಬರಹ. ಸ್ವ-ಇಚ್ಛೆ. ನಾನು ಎದ್ದು ನಿಂತ ಕೂಡಲೇ ಹಿಂದಿನಿಂದ ಒಬ್ಬರು, “ಸುನಂದಾಬಾಯಿ ಪುಸ್ತಕ ಓದಿ ಓದಿ ದೇವರಿಗೂ ಸಾಕ್ಷಿ ಕೇಳತಾಳ” ಎಂದರು. ನಗು. ಇನ್ನೊಬ್ಬರು, “ಹೋದವರಿಗೆ ಶಾಂತಿ ಕೊಡ್ರಿ, ಮುಗೀತು” ಎಂದರು. ನನ್ನ ಮಾತು ಗದ್ದಲದಲ್ಲಿ ಮುಳುಗಿತು. ಆಗ ಹೆಂಗಸರ ಕಡೆಯಿಂದ ಪದ್ಮಾ ಎದ್ದಳು. ಸೆರಗು ತಲೆಯ ಮೇಲಿತ್ತು. ಸಭೆಯಲ್ಲಿ ಅವಳ ದನಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

“ಅತ್ತಿ ಕೂಡ ನಾ ಇದ್ದೆ. ನನಗ ಅವರು ಏನೂ ಹೇಳಿಲ್ಲ. ನೀವೆಲ್ಲಾ ಹೇಳಿದ್ರಿ, ನಾ ನಂಬಿದೆ. ನಿಮಗ ಯಾರಿಗೆ ಹೇಳಿದ್ರು, ಅವರು ಎದ್ದ ನಿಂದರ್ರಿ.”

ಯಾರೂ ಏಳಲಿಲ್ಲ. ಅಪ್ಪಾಸಾಬ ಮುಂದಿನ ಸಭೆಗೆ ನೋಡೋಣವೆಂದು ಎದ್ದುಬಿಟ್ಟ. ಆ ಮುಂದಿನ ಸಭೆಯನ್ನು ಇನ್ನೂ ಕರೆದಿಲ್ಲ. ಕಲ್ಲು ಕೆತ್ತಿ ಬಂದಿದೆ, ಭವನದ ಮೂಲೆಯಲ್ಲಿ ಗೋಣಿತಟ್ಟಿನಲ್ಲಿ ಸುತ್ತಿಟ್ಟಿದ್ದಾರೆ.

ಈ ನಡುವೆ ನಡೆದ ಒಂದು ಸುದ್ದಿ ನಿಮಗೆ ಹೇಳಬೇಕು. ಮಳೆಗಾಲದ ಆರಂಭದಲ್ಲಿ ಹಿಂದಿನ ಓಣಿಯ ನೇಮಣ್ಣಜ್ಜ ಊಟ ಬಿಟ್ಟ. ಅವನ ಮನೆಯ ಮುಂದೆ ಮೆಲ್ಲಗೆ ಜನ ಸೇರತೊಡಗಿದರು, ಯಾರೋ ಭಜನೆಯ ತಾಳವನ್ನೂ ತಂದರು. ಪದ್ಮಾ ಮತ್ತು ಓಣಿಯ ಕೆಲವು ಹೆಂಗಸರು ಒಳಗೆ ಹೋಗಿ ಅವನ ಎದುರು ಕುಳಿತರು. “ಅಜ್ಜಾ, ಯಾಕ ಉಣವಲ್ಲಿ? ವ್ರತ ಹಿಡದಿ ಏನು?” ಅವನು ಕೆನ್ನೆ ಹಿಡಿದುಕೊಂಡು ಸಿಟ್ಟಿನಿಂದ ನೋಡಿದನಂತೆ. “ಎಲ್ಲೀ ವ್ರತ ಬೇ. ದವಡಿ ಹಲ್ಲ ಕೊಳತ ಹೋಗೇತಿ. ಮಗನ ಮುಂದ ಹೇಳಿದ್ರ ನಾಳೆ ನಾಡದ ಅಂತಾನ.” ಅವತ್ತೇ ಮಿರಜಕ್ಕೆ ಕರೆದೊಯ್ದರು. ಈಗ ಅವನು ಕಟ್ಟೆಯ ಮೇಲೆ ಕುಳಿತು ರೊಟ್ಟಿ ಮುರಿದು ಹಾಲಿನಲ್ಲಿ ಅದ್ದಿ ತಿನ್ನುತ್ತಾನೆ. ಅವನು ತಿನ್ನುವುದನ್ನು ಕಂಡಾಗಲೆಲ್ಲ ಪದ್ಮಾ ಬೇರೆ ಕಡೆ ಮುಖ ತಿರುಗಿಸುತ್ತಾಳೆ. ಯಾಕೆಂದು ನನಗೂ ಗೊತ್ತು, ನಿಮಗೂ ಗೊತ್ತಾಗುತ್ತದೆ. ಒಂದು ಪ್ರಶ್ನೆ ಇಷ್ಟು ಸಣ್ಣದಿತ್ತು. ನಿಮ್ಮ ಮಂಚದ ಹತ್ತಿರ ಅದನ್ನು ಕೇಳಿದ್ದರೆ…

ಇಲ್ಲ, ಆ ವಾಕ್ಯವನ್ನು ನಾನು ಮುಗಿಸುವುದಿಲ್ಲ. ಮುಗಿಸಿದರೆ ಬಹುತೇಕಕ್ಕೆ ಖಾತ್ರಿಯ ಅಂಗಿ ತೊಡಿಸಿದಂತಾಗುತ್ತದೆ. ಊರವರು ನಿಮ್ಮ ಸಾವು ಬಯಸಿದರೆಂದೂ ನಾನು ಹೇಳುವುದಿಲ್ಲ. ಅವರು ನಿಮ್ಮನ್ನು ಪೂಜಿಸಿದರು. ಪೂಜಿಸುವ ಭರದಲ್ಲಿ ನೋಡುವುದನ್ನು ಮರೆತರು. ನನಗೆ ಖಾತ್ರಿ ಇರುವುದು ಒಂದೇ: ನಿಮ್ಮ ಪ್ರಾಣದ ಬಗ್ಗೆ ನಿಮ್ಮನ್ನು ಬಿಟ್ಟು ಎಲ್ಲರೂ ಮಾತಾಡಿದರು. ಈಗ ನಿಮ್ಮ ಇಚ್ಛೆಯನ್ನೂ ಅವರೇ ಕಲ್ಲಿನ ಮೇಲೆ ಬರೆಯಲು ಹೊರಟಿದ್ದಾರೆ.

ಅದಕ್ಕೆ ಈ ಪತ್ರದ ಒಂದು ಪ್ರತಿಯನ್ನು ಸಭಾಭವನದ ಬಾಗಿಲಿಗೆ ಅಂಟಿಸುತ್ತೇನೆ, ಅಕ್ಕೋರೇ. ಓದುವವರು ಓದಲಿ. ಅಪ್ಪಾಸಾಬ, ನೀನೂ ಓದು. ಆ ಕಲ್ಲನ್ನು ಗೋಡೆಗೆ ಕೂಡಿಸುವ ಮೊದಲು ಊರನ್ನು ಕರೆ. ಎಲ್ಲರೆದುರು ನಿಂತು ಹೇಳು. ತಮಗೆ ಈ ವ್ರತ ಬೇಕೆಂದು ಅಕ್ಕೋರು ಹೇಳಿದ್ದು ಯಾರ ಮುಂದೆ? ಅಂಥವರು ಒಬ್ಬರಿದ್ದರೂ ನಾನು ಅವರ ಕಾಲಿಗೆ ಬಿದ್ದು ಆ ಕಲ್ಲಿಗೆ ನಾನೇ ಮೊದಲ ಕೈ ಹಚ್ಚುತ್ತೇನೆ. ಇಲ್ಲದಿದ್ದರೆ, ಇಲ್ಲ ಎನ್ನುವುದನ್ನಾದರೂ ಅಷ್ಟೇ ಗಟ್ಟಿಯಾಗಿ, ಓಣಿಯಲ್ಲಿ ನಿಂತವರಿಗೂ ಕೇಳಿಸುವ ಹಾಗೆ ಹೇಳು.

ನಿಮ್ಮ
ಸುನಂದಾ